ತೊಂಬತ್ತಮೂರರ ಸೀಸದ ಮುದ್ರೆ

ಯೆರೆವಾನಿನ ಆ ಹಳೆಯ ರೇಡಿಯೋ ಸಂಸ್ಥೆಗೆ ಬೀಗ ಬಿದ್ದು ಹನ್ನೊಂದು ವರ್ಷವಾದ ಮೇಲೆ, ಅದರ ನೆಲಮಾಳಿಗೆಯಲ್ಲಿ ಉಳಿದಿದ್ದನ್ನೆಲ್ಲ ಗುಜರಿ ವ್ಯಾಪಾರಿ ಸೆರೋಬ್ ಇದ್ದಂತೆಯೇ ಕೊಂಡುಕೊಂಡ. ಕೊಂಡ ಮೇಲೆ ಅವನಿಗೆ ತಲೆಬಿಸಿ ಶುರುವಾಯಿತು. ಗೋಡೆಯಿಂದ ಗೋಡೆಗೆ ಅಳತೆಯ ಯಂತ್ರಗಳು. ಆಸಿಲೋಸ್ಕೋಪುಗಳು, ವೋಲ್ಟ್‌ಮೀಟರುಗಳು, ಇಬ್ಬರು ಸೇರಿ ಎತ್ತಬೇಕಾದ ಜನರೇಟರುಗಳು. ಯಾವುದನ್ನು ಒಡೆಯಬೇಕು, ಯಾವುದನ್ನು ಒಡೆದರೆ ನಷ್ಟ ಎಂಬುದು ಅವನಿಗೆ ತಿಳಿಯದು. ತಿಳಿದವರು ಯಾರಿದ್ದಾರೆ ಎಂದು ವಿಚಾರಿಸಿದಾಗ ಎಲ್ಲರೂ ಒಂದೇ ಹೆಸರು ಹೇಳಿದರು. ಹೀಗೆ ಅರವತ್ತೊಂದು ವರ್ಷದ ಅರ್ಪೆನಿಕ್, ತಾನು ಇಪ್ಪತ್ತಾರು ವರ್ಷ ದುಡಿದ ಕಟ್ಟಡಕ್ಕೆ ಗುಜರಿಯವನ ಆಳಾಗಿ ಮತ್ತೆ ಕಾಲಿಟ್ಟಳು.

ಬರುವುದಿಲ್ಲ ಎನ್ನಬಹುದಿತ್ತು. ಆದರೆ ಪಿಂಚಣಿ ಸಾಲುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತಾನು ಹೋಗದಿದ್ದರೆ ಸೆರೋಬ್ ಎಲ್ಲವನ್ನೂ ಸುತ್ತಿಗೆಯಲ್ಲಿ ಒಡೆದು ತೂಕಕ್ಕೆ ಹಾಕುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಆ ಯಂತ್ರಗಳು ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸುವುದೇ ಅವಳ ಕೆಲಸವಾಗಿತ್ತು. ಸರಿಯಿದ್ದರೆ ಮುಚ್ಚಳದ ಸ್ಕ್ರೂಗಳಿಗೆ ತಂತಿ ಪೋಣಿಸಿ, ತುದಿಗೆ ಸೀಸದ ಗುಂಡು ಸೇರಿಸಿ, ಇಕ್ಕಳದಿಂದ ಒತ್ತಿ ಮುದ್ರೆ ಹಾಕುತ್ತಿದ್ದಳು. ಗುಂಡಿನ ಒಂದು ಬದಿಗೆ ಅವಳ ಸಂಖ್ಯೆ, ಹದಿನಾಲ್ಕು. ಇನ್ನೊಂದು ಬದಿಗೆ ವರ್ಷ, ಮತ್ತು ಅದು ವರ್ಷದ ಎಷ್ಟನೇ ಮೂರು ತಿಂಗಳು ಎಂಬ ಅಂಕೆ. ಆ ಮುದ್ರೆ ಬಿದ್ದ ಮೇಲೆ ಮಾಸ್ಕೋದಿಂದ ಬಂದವರೂ ಎರಡನೇ ಮಾತಾಡುತ್ತಿರಲಿಲ್ಲ.

ಮೊದಲ ಮೂರು ದಿನ ಕೆಲಸ ಸಲೀಸಾಗಿ ಸಾಗಿತು. ಅವಳು ಸೀಮೆಸುಣ್ಣ ಹಿಡಿದು ಮುಂದೆ ಹೋಗುತ್ತಿದ್ದಳು, ಸೆರೋಬ್ ಹಿಂದಿನಿಂದ ಕೇಳುತ್ತಿದ್ದ.

"ಇದು?"

"ಇದನ್ನ ಮುಟ್ಟಬೇಡ. ಪರದೆ ನೋಡು, ಒಂದು ಸುಟ್ಟ ಕಲೆ ಇಲ್ಲ. ಹಳೇದನ್ನೇ ಹುಡುಕ್ಕೊಂಡು ಬರೋ ಹುಚ್ಚರು ಜರ್ಮನೀಲಿ ಇದಾರೆ, ಹಾಗೇ ಮಾರು."

"ಇದು?"

"ಇದರ ಕಥೆ ಮುಗೀತು. ಟ್ರಾನ್ಸ್‌ಫಾರ್ಮರಿಗೆ ನೀರು ಹೋಗಿದೆ. ಒಳಗಿನ ಹಸಿರು ಕೆಪಾಸಿಟರು ಬಿಚ್ಕೋ, ರಿಲೇ ಬಿಚ್ಕೋ, ಉಳಿದಿದ್ದು ಕಬ್ಬಿಣ."

"ಟಿಕಿನ್ ಅರ್ಪೆನಿಕ್, ನೀವು ಡಾಕ್ಟರ್ ಆಗಬೇಕಿತ್ತು."

"ಡಾಕ್ಟರ್ ಬದುಕಿಸ್ತಾನೆ ಕಣಪ್ಪ. ನಾನು ಮಾಡ್ತಿರೋದು ಹೆಣ ಹಂಚೋ ಕೆಲಸ."

ಸೆರೋಬ್ ಹೊಟ್ಟೆ ಕುಲುಕಿಸಿ ನಕ್ಕ. ಒರಟ, ಆದರೆ ಕೆಟ್ಟವನಲ್ಲ; ಹಿರಿಯ ಹೆಂಗಸೆಂದು ಅವಳನ್ನು ಮರ್ಯಾದೆಯಿಂದ ಟಿಕಿನ್ ಎಂದೇ ಕರೆಯುತ್ತಿದ್ದ. ಮಧ್ಯಾಹ್ನ ಲವಾಶ್ ರೊಟ್ಟಿಯೊಳಗೆ ಗಿಣ್ಣು, ಸೊಪ್ಪು ಸುತ್ತಿ ಮೊದಲು ಅವಳಿಗೆ ಕೊಟ್ಟು ಆಮೇಲೆ ತಾನು ತಿನ್ನುತ್ತಿದ್ದ. ಅವನ ಕಣ್ಣೆಲ್ಲ ಆ ಹಸಿರು ಕೆಪಾಸಿಟರುಗಳ ಮೇಲೆ. ಹೆಸರುಕಾಳಿಗಿಂತ ತುಸು ದೊಡ್ಡವು, ಚಪ್ಪಟೆ. ಸೋವಿಯತ್ ಕಾಲದಲ್ಲಿ ಅವುಗಳೊಳಗೆ ಪಲ್ಲೇಡಿಯಂ ಲೋಹ ಹಾಕುತ್ತಿದ್ದರು. ಚಿನ್ನ ಕೊಳ್ಳುವವರೇ ಅದನ್ನೂ ಕೊಳ್ಳುತ್ತಾರೆ.

ನಾಲ್ಕನೇ ದಿನ ಅವರು ಹಿಂದಿನ ಸಾಲಿಗೆ ಬಂದರು. ಒಂಬತ್ತು ಫ್ರೀಕ್ವೆನ್ಸಿ ಮೀಟರುಗಳು, ಒಂಬತ್ತಕ್ಕೂ ಮುದ್ರೆ ಹಾಗೆಯೇ ಇತ್ತು. ಅರ್ಪೆನಿಕ್ಕಳ ಮುಖ ಅರಳಿತು, ಬಾಯಲ್ಲಿ ಅಕ್ಕರೆಯ ‘ಜಾನ್’ ಕೂಡ ಬಂತು.

"ಇವುಗಳ ಮೇಲೆ ಕಣ್ಣು ಮುಚ್ಚಿ ಬೆಲೆ ಹಾಕು ಸೆರೋಬ್ ಜಾನ್. ನನ್ನ ಮುದ್ರೆ ಇದೆ. ಒಳಗೆ ಒಂದು ಸ್ಕ್ರೂನೂ ಆಚೀಚೆ ಆಗಿರಲ್ಲ."

"ಕೊಳ್ಳೋನು ಒಳಗಿನ ಫೋಟೋ ಕೇಳ್ತಾನೆ. ಒಂದನ್ನಾದ್ರೂ ಬಿಚ್ಚಿ."

ಅವಳು ತಂತಿ ಕತ್ತರಿಸಿದಳು. ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಎತ್ತಿದಳು. ಒಳಗೆ ಬೋರ್ಡುಗಳು ಇದ್ದವು. ಬೋರ್ಡುಗಳ ಮೇಲೆ ಇರಬೇಕಾದ್ದು ಇರಲಿಲ್ಲ. ಹಸಿರು ಕೆಪಾಸಿಟರು ಒಂದೂ ಇಲ್ಲ. ಚಿನ್ನದ ಕಾಲಿನ ಟ್ರಾನ್ಸಿಸ್ಟರು ಒಂದೂ ಇಲ್ಲ. ಹಲ್ಲು ಕಿತ್ತ ಬಾಯಿಯ ಹಾಗೆ ಸಾಲುಸಾಲು ಖಾಲಿ ಜಾಗ.

"ಇದೇನು?" ಎಂದ ಸೆರೋಬ್.

ಅವಳು ಸ್ಕ್ರೂಡ್ರೈವರ್ ಎತ್ತಿಕೊಂಡಳು. ಇನ್ನೊಂದನ್ನು ಬಿಚ್ಚಿದಳು. ಮತ್ತೊಂದನ್ನು. ಒಂಬತ್ತರಲ್ಲಿ ಏಳು ಪೊಳ್ಳು.

"ಪಲ್ಲೇಡಿಯಂ ಅವೆಟಿಕ್!" ಸೆರೋಬ್ ತೊಡೆ ತಟ್ಟಿಕೊಂಡ. "ಇಲ್ಲಿ ಉಗ್ರಾಣ ನೋಡ್ಕೋತಿದ್ದೋನು, ಊರಿಗೆಲ್ಲ ಗೊತ್ತಿರೋ ಕಥೆ, ನನಗೆ ಮರೆತೇ ಹೋಗಿತ್ತು ನೋಡಿ. ಮುದ್ರೆ ಇಲ್ಲದ್ದನ್ನ ತಿಂದಿದ್ದು ಸಾಲದು ಅಂತ ಮುದ್ರೆ ಇದ್ದಿದ್ದನ್ನೂ ತಿಂದಿದಾನೆ ಮುದುಕ."

ಅರ್ಪೆನಿಕ್ ಆಗ ಕಿಟಕಿಯ ಬೆಳಕಿಗೆ ಒಂದು ಬೋರ್ಡನ್ನು ಓರೆಯಾಗಿ ಹಿಡಿದಿದ್ದಳು. ಕಳ್ಳರು ಅವಸರದಲ್ಲಿ ಕೀಳುತ್ತಾರೆ, ತಾಮ್ರದ ಗೆರೆಗಳೂ ಜೊತೆಗೆ ಕಿತ್ತು ಬರುತ್ತವೆ. ಇಲ್ಲಿ ಹಾಗಾಗಿರಲಿಲ್ಲ. ಪ್ರತಿ ತಂತಿಯನ್ನೂ ಒಂದೇ ಅಳತೆಗೆ ಕತ್ತರಿಸಿ, ಉಳಿದ ತುದಿಯನ್ನು ಬಾಗಿಸಿ, ಬೋರ್ಡಿಗೆ ಚಪ್ಪಟೆಯಾಗಿ ಒತ್ತಲಾಗಿತ್ತು. ಬೆರಳಾಡಿಸಿದರೆ ಎಲ್ಲೂ ಚುಚ್ಚಲಿಲ್ಲ. ಈ ಅಭ್ಯಾಸ ಇದ್ದ ಮನುಷ್ಯ ಇಡೀ ಸಂಸ್ಥೆಯಲ್ಲಿ ಒಬ್ಬನೇ. ‘ನಾಳೆ ಯಾರೋ ಕೈ ಹಾಕ್ತಾರೆ ಅರ್ಪೆನಿಕ್, ಪಾಪ, ಚುಚ್ಚಬಾರದು’ ಎನ್ನುತ್ತಿದ್ದ. ಮೂರನೇ ಮಹಡಿಯ ಎಂಜಿನಿಯರು ಗರೆಗಿನ್, ಅವಳ ಗಂಡ. ಸತ್ತು ನಾಲ್ಕು ವರ್ಷವಾಗಿತ್ತು.

ಅವಳು ಕೆಳಗೆ ಬಿದ್ದಿದ್ದ ಸೀಸದ ಗುಂಡುಗಳನ್ನು ಆರಿಸಿಕೊಂಡು ಕನ್ನಡಕ ಹಾಕಿಕೊಂಡಳು. ಒಂದು ಬದಿಗೆ ಹದಿನಾಲ್ಕು. ಇನ್ನೊಂದು ಬದಿಗೆ ತೊಂಬತ್ತಮೂರು, ಮೊದಲ ಮೂರು ತಿಂಗಳು. ಏಳರ ಮೇಲೂ ಅದೇ.

ತೊಂಬತ್ತಮೂರರ ಮೊದಲ ಮೂರು ತಿಂಗಳಲ್ಲಿ ಅವಳು ಒಂದು ಮುದ್ರೆಯನ್ನೂ ಹಾಕಿರಲಿಲ್ಲ.

ಆ ಚಳಿಗಾಲವನ್ನು ಕಂಡವರು ಯೆರೆವಾನಿನಲ್ಲಿ ಅದಕ್ಕೆ ವರ್ಷ ಹೇಳುವುದಿಲ್ಲ, ಕತ್ತಲೆಯ ಕಾಲ ಎನ್ನುತ್ತಾರೆ. ದಿನಕ್ಕೆ ಒಂದು ಗಂಟೆ ಕರೆಂಟು, ಅದೂ ಬಂದರೆ ಬಂತು. ಜನ ನೆಲದ ಹಲಗೆ ಕಿತ್ತು ತಗಡಿನ ಒಲೆಗೆ ಹಾಕಿದರು, ಆಮೇಲೆ ಪುಸ್ತಕ ಹಾಕಿದರು. ಕರೆಂಟಿಲ್ಲದೆ ಯಾವ ಯಂತ್ರವನ್ನು ಪರೀಕ್ಷಿಸುವುದು? ಹೊಸ ವರ್ಷದ ದಿನ ಅರ್ಪೆನಿಕ್ ಅಭ್ಯಾಸಬಲದಿಂದ ಇಕ್ಕಳದ ಅಂಕೆ ಬದಲಿಸಿದ್ದಳು, ಅಷ್ಟೇ. ಪ್ರಯೋಗಾಲಯದ ಕಿಟಕಿ ಒಡೆದಿದ್ದರಿಂದ ಆ ಇಕ್ಕಳವನ್ನು ಕೈಚೀಲದಲ್ಲಿಟ್ಟು ಮನೆಗೆ ತಂದು ಅಡುಗೆಮನೆಯ ಕಪಾಟಿನಲ್ಲಿ, ಉಪ್ಪಿನ ಡಬ್ಬಿಯ ಹಿಂದೆ ಇಟ್ಟಿದ್ದಳು.

ಜನವರಿಯಲ್ಲಿ ಮಗಳು ಮಾರ್ಗರಿತಳಿಗೆ ನ್ಯುಮೋನಿಯ ಬಂತು. ಹನ್ನೊಂದು ವರ್ಷದ ಹುಡುಗಿ ಮೂರು ಕೋಟು ಹೊದ್ದು ಮಲಗಿ ಕೆಮ್ಮುತ್ತಿದ್ದಳು. ಆಸ್ಪತ್ರೆಯಲ್ಲಿ ಔಷಧಿ ಇರಲಿಲ್ಲ. ಕಾಳಸಂತೆಯಲ್ಲಿ ಮಾರುವವರ ಹತ್ತಿರ ಇತ್ತು. ಗರೆಗಿನ್ ಔಷಧಿ ತಂದ. ಆಮೇಲೆ ಸೀಮೆಎಣ್ಣೆ ತಂದ, ಹಾಲಿನ ಪುಡಿ ತಂದ. ಎಲ್ಲಿಂದ ಎಂದು ಕೇಳಿದಾಗ, "ಅಪ್ಪನ ಗಡಿಯಾರ ಮಾರಿದೆ" ಎಂದ. ಅವಳು ಹೆಚ್ಚು ಕೇಳಲಿಲ್ಲ. ಮಗು ಉಸಿರಾಡುತ್ತಿತ್ತು.

ವಸಂತ ಬಂದಾಗ ಸಂಸ್ಥೆಯಲ್ಲಿ ತಪಾಸಣೆ ನಡೆಯಿತು. ನೆಲಮಾಳಿಗೆಯ ಉಗ್ರಾಣದಲ್ಲಿ ಮುದ್ರೆ ಬೀಳದೆ ಕಾಯುತ್ತಿದ್ದ ಹನ್ನೆರಡು ಯಂತ್ರಗಳು ಪೊಳ್ಳಾಗಿದ್ದವು. ಉಗ್ರಾಣದ ಯಜಮಾನ ಅವೆಟಿಕ್, ಬೀಗದಕೈ ಅವನ ಸೊಂಟದಲ್ಲಿ. ಅವನೂ ಗರೆಗಿನ್ನನೂ ಜೀವದ ಗೆಳೆಯರು. ದಿನಾ ಮಧ್ಯಾಹ್ನ ಆ ಉಗ್ರಾಣದ ಒಲೆಯ ಪಕ್ಕ ಕೂತು ನಾರ್ದಿ ಆಡುತ್ತ ದಾಳ ಉರುಳಿಸುತ್ತಿದ್ದರು. ಅವೆಟಿಕ್ ಬ್ರೆಡ್ಡಿನ ಸರದಿಯಲ್ಲಿ ನಿಲ್ಲಲು ಹೋದರೆ ಬೀಗದಕೈಯನ್ನು ಗೆಳೆಯನ ಕೈಗೇ ಕೊಟ್ಟು ಹೋಗುತ್ತಿದ್ದ. ಇದನ್ನು ಅವನು ತಪಾಸಣೆಯವರಿಗೆ ಹೇಳಲೇ ಇಲ್ಲ. ಗೆಳೆಯನ ಹೆಸರು ಎಳೆಯುವುದು ಅವನಿಗೆ ತೋಚಿರಲಿಲ್ಲವೋ, ಬೇಡವೆಂದುಕೊಂಡನೋ.

ಮುದ್ರೆಯಿರುವ ಯಂತ್ರಗಳ ಗತಿಯೇನು ಎಂದು ತಪಾಸಣೆಯವರು ಕೇಳಿದಾಗ ಅರ್ಪೆನಿಕ್ ಮೇಣದಬತ್ತಿ ಹಿಡಿದು ಸಾಲಿನುದ್ದಕ್ಕೂ ನಡೆದು, ಒಂದೊಂದೇ ಗುಂಡನ್ನು ಬೆರಳಿನಿಂದ ಮುಟ್ಟಿ, "ಇದೆ, ಇದೆ, ಇದೆ" ಎಂದಿದ್ದಳು. ಅಂಕೆ ಓದಿರಲಿಲ್ಲ. ಆಮೇಲೆ ಕಾಗದದ ಮೇಲೆ ಸಹಿ ಹಾಕಿದ್ದಳು: ಮುದ್ರೆಗಳು ಭದ್ರವಾಗಿವೆ. ಆ ಒಂದು ಮಾತಿನಿಂದ ಎಲ್ಲ ತೀರ್ಮಾನವಾಯಿತು. ಕಳ್ಳನಿಗೆ ಮುದ್ರೆಯ ಇಕ್ಕಳ ಸಿಕ್ಕಿಲ್ಲ, ಬೀಗದಕೈ ಮಾತ್ರ ಸಿಕ್ಕಿದೆ ಎಂದ ಮೇಲೆ ಅವೆಟಿಕ್ ಅಲ್ಲದೆ ಮತ್ತೆ ಯಾರು?

ಜೈಲಿಗೆ ಹಾಕಲಿಲ್ಲ. ಆ ಕಾಲದಲ್ಲಿ ಜೈಲಿಗೆ ಹಾಕಿ ಊಟ ಹಾಕುವವರಾದರೂ ಯಾರು? ಕೆಲಸದಿಂದ ತೆಗೆದರು. ಹೆಸರಿನ ಹಿಂದೆ ಪಲ್ಲೇಡಿಯಂ ಸೇರಿತು, ಅದು ಹೋಗಲೇ ಇಲ್ಲ.

ಪೊಳ್ಳು ಯಂತ್ರಗಳನ್ನು ಕಂಡ ದಿನ ಸಂಜೆ ಮನೆಗೆ ಹೋದ ಅರ್ಪೆನಿಕ್ ಮಗಳನ್ನು ಕರೆಸಿಕೊಂಡಳು. ಮಾರ್ಗರಿತಳಿಗೆ ಮದುವೆಯಾಗಿತ್ತು, ಎರಡು ಬೀದಿ ಆಚೆ ಮನೆ. ತಾಯಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮಾರ್ಗರಿತ್ ಕಾಫಿಯ ಲೋಟವನ್ನು ದೂರ ತಳ್ಳಿದಳು.

"ಯಾರಿಗೂ ಹೇಳ್ಬೇಡ ಅಮ್ಮ."

"ಮನುಷ್ಯ ಬದುಕಿದಾನೆ ಮಾರ್ಗರಿತ್. ಹದಿನೈದು ವರ್ಷದಿಂದ ಕಳ್ಳ ಅನ್ನಿಸ್ಕೊಂಡು ಬದುಕಿದಾನೆ."

"ಅಪ್ಪ ಸತ್ತಿದಾನೆ. ತನ್ನ ಪರವಾಗಿ ಒಂದು ಮಾತಾಡೋಕೂ ಆಗಲ್ಲ ಅವನಿಗೆ. ಯಾರಿಗೋಸ್ಕರ ಮಾಡಿದ ಹೇಳು? ನನಗೋಸ್ಕರ. ಕಳ್ಳಿ ಅಂದ್ರೆ ನಾನೇ ಅಲ್ವಾ ಹಾಗಾದ್ರೆ?"

"ಹುಚ್ಚಿ ಹಾಗೆ ಮಾತಾಡ್ಬೇಡ. ನಿನ್ನ ನೋವು ನನಗಿರಲಿ, ನಿನ್ನ ಜೀವ ಉಳಿಸಿದ್ದಕ್ಕೆ ನಾನು ಅವನ ಪಾದ ತೊಳೀತೀನಿ. ಆದ್ರೆ ಆಮೇಲೆ? ಗೆಳೆಯನ ಹೆಸರು ಹೋದಾಗ ಬಾಯಿಗೆ ಬೀಗ ಹಾಕ್ಕೊಂಡು ಕೂತನಲ್ಲ, ಅದೂ ನಿನಗೋಸ್ಕರಾನಾ?"

ಮಗಳು ಎದ್ದು ಕೋಟು ಹಾಕಿಕೊಂಡಳು. "ಹೇಳಿದ್ರೆ ಈ ಮನೆಗೆ ಬರೋದಿಲ್ಲ ನಾನು" ಎಂದು ಹೊರಟುಹೋದಳು.

ಅರ್ಪೆನಿಕ್ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಸಿಟ್ಟು ಬಂದರೂ ನಿಲ್ಲುತ್ತಿರಲಿಲ್ಲ. ಆ ವಸಂತದ ನಂತರ ಗರೆಗಿನ್ ನಾರ್ದಿಯ ದಾಳ ಮುಟ್ಟಿರಲಿಲ್ಲ. ಅವೆಟಿಕ್ ಎದುರಿಗೆ ಬಂದರೆ ರಸ್ತೆ ದಾಟುತ್ತಿದ್ದ. ಗೆಳೆಯ ಕಳ್ಳನಾದನಲ್ಲ ಎಂಬ ಬೇಸರ ಎಂದುಕೊಂಡು ಅವಳೇ ಸಮಾಧಾನ ಹೇಳುತ್ತಿದ್ದಳು. ಹಾಗೆ ಸಮಾಧಾನ ಹೇಳಿದಾಗೆಲ್ಲ ಅವನು ತಲೆ ತಗ್ಗಿಸಿ, "ಹೂಂ" ಎನ್ನುತ್ತಿದ್ದ. ಆ ಹೂಂಗಳೆಲ್ಲ ಈಗ ಒಂದೊಂದಾಗಿ ನೆನಪಾದವು.

ಭಾನುವಾರ ಅವಳು ವೆರ್ನಿಸಾಜ್ ಸಂತೆಗೆ ಹೋದಳು. ಜಮಖಾನ, ಬೆಳ್ಳಿ ಸಾಮಾನಿನ ಸಾಲುಗಳನ್ನು ದಾಟಿ ಕೊನೆಗೆ ಹೋದರೆ ಹಳೆಯ ಎಂಜಿನಿಯರುಗಳ ಮೂಲೆ. ನೆಲಕ್ಕೆ ಬಟ್ಟೆ ಹಾಸಿ ವಾಲ್ವು, ರಿಲೇ, ಮೀಟರು ಜೋಡಿಸಿಕೊಂಡು ಒಂದು ಕಾಲದಲ್ಲಿ ಉಪಗ್ರಹಕ್ಕೆ ಕೆಲಸ ಮಾಡಿದವರು ಕೂತಿರುತ್ತಾರೆ. ಅವೆಟಿಕ್ ಉಳಿದವರಿಗಿಂತ ನಾಲ್ಕು ಹೆಜ್ಜೆ ಆಚೆ ಒಬ್ಬನೇ ಕೂತಿದ್ದ. ಅವನ ವಾಲ್ವುಗಳು ಗಾತ್ರದ ಪ್ರಕಾರ ಸಾಲಾಗಿದ್ದವು, ಪ್ರತಿಯೊಂದಕ್ಕೂ ಚೀಟಿ. ಉಗ್ರಾಣದವನ ಕೈಬರಹ ಬದಲಾಗಿರಲಿಲ್ಲ.

"ಏನು ಬೇಕಿತ್ತು, ಟಿಕಿನ್ ಅರ್ಪೆನಿಕ್?" ಎಂದ. ಒಂದು ಕಾಲದಲ್ಲಿ ಅಕ್ಕರೆಯಿಂದ ಅರ್ಪೆನಿಕ್ ಜಾನ್ ಎನ್ನುತ್ತಿದ್ದವನು. ಆ ಮರ್ಯಾದೆಯ ಮಾತು ಅವಳಿಗೆ ಚುಚ್ಚಿತು.

ಅವಳು ಏಳು ಸೀಸದ ಗುಂಡುಗಳನ್ನು ಅವನ ಬಟ್ಟೆಯ ಮೇಲೆ ಇಟ್ಟಳು.

"ಓದು ಅವೆಟಿಕ್."

ಅವನು ಒಂದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. "ನಿಮ್ಮ ಸಂಖ್ಯೆ. ತೊಂಬತ್ತಮೂರು. ಒಂದು." ಇನ್ನೊಂದನ್ನು ಎತ್ತಿದ. ಮೂರನೆಯದಕ್ಕೆ ಕೈ ನಿಂತಿತು. ಎಷ್ಟಾದರೂ ಉಗ್ರಾಣದವನು, ಆ ಮೂರು ತಿಂಗಳಲ್ಲಿ ಒಂದು ಯಂತ್ರವೂ ಪರೀಕ್ಷೆಗೆ ಹೋಗಿ ಬಂದಿರಲಿಲ್ಲ ಎಂಬುದು ಅವನಿಗೂ ನೆನಪಿತ್ತು. "ಆಗ ನೀನು ಮುದ್ರೆ ಹಾಕ್ತಾನೇ ಇರ್ಲಿಲ್ವಲ್ಲ."

"ಇಲ್ಲ. ಇಕ್ಕಳ ನಮ್ಮನೇಲಿತ್ತು. ಒಳಗೆಲ್ಲ ಪೊಳ್ಳು. ತಂತಿ ತುದಿ ಒಂದೊಂದನ್ನೂ ಬಗ್ಗಿಸಿ ಒತ್ತಿದೆ."

ಆ ಅಭ್ಯಾಸ ಯಾರದೆಂದು ಅವೆಟಿಕ್ಕನಿಗೆ ಗೊತ್ತಿತ್ತು. ಕೇಳುವ ಅಗತ್ಯವಿರಲಿಲ್ಲ. ಆಮೇಲೆ ತನ್ನ ವಾಲ್ವಿನ ಸಾಲನ್ನು ಸರಿಪಡಿಸತೊಡಗಿದ, ಅದು ಸರಿಯಾಗಿಯೇ ಇತ್ತು.

"ನಾನು ಕಾವಲುಗಾರನ ಮೇಲೆ ಅನುಮಾನ ಪಟ್ಟಿದ್ದೆ" ಎಂದ ಕೊನೆಗೆ. "ಅವನು ಸಾಯೋವರೆಗೂ ಅವನಿಗೆ ಶಾಪ ಹಾಕಿದೆ. ಅವನ ಮಣ್ಣಿಗೂ ಹೋಗಲಿಲ್ಲ. ನೋಡು, ಆ ಪಾಪಾನೂ ನನ್ನ ತಲೆಗೇ ಬಂತು."

"ನಾನು ಅಂಕೆ ಓದಲಿಲ್ಲ ಅವೆಟಿಕ್. ಮುಟ್ಟಿ ನೋಡಿದೆ, ಓದಲಿಲ್ಲ. ಅವತ್ತು ಓದಿದ್ರೆ..."

"ಓದಿದ್ರೆ ಏನು ಮಾಡ್ತಿದ್ದೆ?"

ಮಗಳು ಆಗಿನ್ನೂ ಎದ್ದು ಕೂರಲು ಶುರುಮಾಡಿದ್ದ ದಿನಗಳು ಅವು.

"ಹೈಕನುಶ್ ನನ್ನನ್ನ ಒಂದು ಮಾತು ಕೇಳ್ತಿದ್ಲು" ಎಂದ ಅವೆಟಿಕ್. ಹೈಕನುಶ್ ಅವನ ಹೆಂಡತಿ, ತೀರಿಕೊಂಡು ಎರಡು ವರ್ಷವಾಗಿತ್ತು. "ಕದ್ದೆಯಾ ಅಂತ ಕೇಳ್ತಿರಲಿಲ್ಲ. ಕದ್ದಿದ್ದನ್ನ ಯಾರಿಗೆ ಕೊಟ್ಟೆ ಅಂತ ಕೇಳ್ತಿದ್ಲು. ಆ ಚಳಿಗಾಲ ನಾವು ಮಂಚ ಮುರಿದು ಒಲೆಗೆ ಹಾಕಿದ್ವಿ. ಮನೆಗೆ ಒಂದು ಲೀಟರ್ ಸೀಮೆಎಣ್ಣೆ ಬರಲಿಲ್ಲ. ಹಾಗಾದ್ರೆ ಎಲ್ಲಿಗೆ ಹೋಯ್ತು? ಬೇರೆ ಯಾರ ಮನೆ ಬೆಚ್ಚಗೆ ಮಾಡ್ದೆ ಅವೆಟಿಕ್? ಸಾಯೋ ವಾರಾನೂ ಅದನ್ನೇ ಕೇಳಿದ್ಲು. ನನ್ನ ಕೈಯಲ್ಲಿ ಉತ್ತರ ಇರಲಿಲ್ಲ."

ಅರ್ಪೆನಿಕ್ ಕೈಚೀಲ ಕೆಳಗಿಟ್ಟಳು. ಆಚೆ ಕೂತಿದ್ದ ಹಳೆಯ ಸಹೋದ್ಯೋಗಿಗಳ ಕಡೆಗೆ ತಿರುಗಿ, ತರಗತಿಯಲ್ಲಿ ಪಾಠ ಒಪ್ಪಿಸುವವಳ ಹಾಗೆ ಗಟ್ಟಿಯಾಗಿ ಹೇಳಿದಳು: "ಎಲ್ಲರೂ ಕೇಳಿ. ತೊಂಬತ್ತಮೂರರಲ್ಲಿ ಉಗ್ರಾಣ ಖಾಲಿ ಮಾಡಿದ್ದು ಅವೆಟಿಕ್ ಅಲ್ಲ. ನನ್ನ ಗಂಡ ಗರೆಗಿನ್. ನನ್ನ ಇಕ್ಕಳದಿಂದ ಮುದ್ರೆ ಹಾಕಿದ. ನಾನು ನೋಡದೆ ಸಹಿ ಹಾಕಿದೆ."

ಒಬ್ಬ ಮುದುಕ ಹಲ್ಲಿನ ಸಂದಿಯಲ್ಲಿ, "ಸತ್ತವನ ಮೇಲೆ ಹಾಕೋದು ಸುಲಭ" ಎಂದ. ಇನ್ನೊಬ್ಬ ಅವನ ಮೊಣಕೈ ತಿವಿದು ಸುಮ್ಮನಾಗಿಸಿದ. ಎದ್ದು ಬಂದು ಅವೆಟಿಕ್ಕನ ಕೈ ಹಿಡಿದವರು ಒಬ್ಬರೂ ಇಲ್ಲ. ಹದಿನೈದು ವರ್ಷ ನಾಲ್ಕು ಹೆಜ್ಜೆ ದೂರ ಕೂರಿಸಿದವರಿಗೆ ಆ ನಾಲ್ಕು ಹೆಜ್ಜೆ ದಾಟುವುದು ಹೇಗೆಂದು ಗೊತ್ತಾಗಲಿಲ್ಲ.

ಅವೆಟಿಕ್ ಬಟ್ಟೆಯ ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿದ. "ಇವರಿಗೆ ಹೇಳಿದ್ದು ಸಾಕು. ಅವಳಿಗೆ ಹೇಳು ಬಾ."

ಇಬ್ಬರೂ ಬಸ್ಸು ಹತ್ತಿ ಸ್ಮಶಾನಕ್ಕೆ ಹೋದರು. ಬಾಗಿಲಲ್ಲಿ ಅರ್ಪೆನಿಕ್ ಆರು ಬಿಳಿ ಹೂ ಕೊಂಡಳು. ಹೈಕನುಶಳ ಸಮಾಧಿಗೆ ಇನ್ನೂ ಕಲ್ಲು ನಿಲ್ಲಿಸಿರಲಿಲ್ಲ, ಒಂದು ತಗಡಿನ ಹಲಗೆ ಮಾತ್ರ. ಅವೆಟಿಕ್ ಧೂಪ ಹಚ್ಚಿ ದೂರ ಸರಿದು ಬೆನ್ನು ತಿರುಗಿಸಿ ನಿಂತ.

ಅವಳು ಹೂ ಇಟ್ಟಳು.

"ಹೈಕನುಶ್ ಜಾನ್, ಅವೆಟಿಕ್ ಯಾರ ಮನೇನೂ ಬೆಚ್ಚಗೆ ಮಾಡಲಿಲ್ಲ. ಬೆಚ್ಚಗಾಗಿದ್ದು ನಮ್ಮನೆ. ನಿನ್ನ ಸೀಮೆಎಣ್ಣೆ ನಮ್ಮ ಒಲೇಲಿ ಉರೀತು. ನನ್ನ ಮಗಳು ಬದುಕಿದ್ಲು. ನನಗೆ ಗೊತ್ತಿರಲಿಲ್ಲ, ಆದ್ರೆ ಗೊತ್ತು ಮಾಡ್ಕೊಳ್ಳೋ ಮನಸ್ಸೂ ಮಾಡಲಿಲ್ಲ ನಾನು. ಕ್ಷಮಿಸು ಅನ್ನೋಕೆ ಬಂದಿಲ್ಲ. ಹೇಳೋಕೆ ಬಂದೆ."

ಇಷ್ಟು ಹೇಳಿ ಅವಳು ಅಳಲು ಶುರುಮಾಡಿದಳು. ಅವೆಟಿಕ್ ತಿರುಗಲಿಲ್ಲ. ಧೂಪ ಆರಿದ ಮೇಲೆ ಹತ್ತಿರ ಬಂದು, "ಅವನಿಗೆ ನಿದ್ದೆ ಬರ್ತಿತ್ತಾ?" ಎಂದು ಕೇಳಿದ.

"ಇಲ್ಲ. ಬೆಳಗಿನ ಜಾವ ಎದ್ದು ಅಡುಗೆಮನೇಲಿ ಕೂತಿರ್ತಿದ್ದ. ಎದೆನೋವು ಅಂತಿದ್ದ."

"ಆಗಬೇಕಾದ್ದೇ" ಎಂದ ಅವೆಟಿಕ್. ಸ್ವಲ್ಪ ದೂರ ನಡೆದವನು ನಿಂತು, ಅವಳ ಕಡೆ ನೋಡದೆಯೇ ಹೇಳಿದ: "ಮಗೂಗೆ ಔಷಧಿ ಬೇಕು ಅಂತ ನನಗೆ ಹೇಳಿದ್ರೆ ಬೀಗ ನಾನೇ ತೆಗೀತಿದ್ದೆ. ಮೂರ್ಖ. ನಾನೇ ತೆಗೀತಿದ್ದೆ."

ವಾಪಸು ಬರುವಾಗ ಅವನು ಅವಳ ಜೊತೆ ಬಸ್ಸು ಹತ್ತಲಿಲ್ಲ.

ಅರ್ಪೆನಿಕ್ ನೆಲಮಾಳಿಗೆಯ ಕೆಲಸ ಮುಗಿಸಿಕೊಟ್ಟಳು. ಸೆರೋಬ್ ಆ ಏಳು ಪೊಳ್ಳು ಯಂತ್ರಗಳನ್ನು ಕಬ್ಬಿಣದ ರಾಶಿಗೆ ಹಾಕುವಾಗ ಅವಳು ತಡೆಯಲಿಲ್ಲ. ಅವನು ಮಾತ್ರ ಆಮೇಲೆ ಪಲ್ಲೇಡಿಯಂ ಎಂಬ ಮಾತಿಗೆ ಯಾರ ಹೆಸರನ್ನೂ ಸೇರಿಸಲಿಲ್ಲ. ಮಾರ್ಗರಿತ್ ಹೇಳಿದ ಹಾಗೆಯೇ ಬರುವುದನ್ನು ನಿಲ್ಲಿಸಿದಳು. ಹಬ್ಬ ಬಂತು, ಹೋಯಿತು.

ಮರುವರ್ಷ ಮಾರ್ಚಿನಲ್ಲಿ ಅವೆಟಿಕ್ ಸಂತೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಕುಸಿದು ತೀರಿಕೊಂಡ. ಅವನ ತಮ್ಮ ಅರ್ಪೆನಿಕ್ಕಳನ್ನೂ ಕರೆದಿದ್ದ; ಅಣ್ಣ ಹೇಳಿಟ್ಟಿದ್ದನಂತೆ. ಮಣ್ಣು ಮಾಡಿ ಬಂದು, ಬೇಯಿಸಿದ ಮಾಂಸ, ಲವಾಶ್ ಇಟ್ಟ ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂತರು. ಸಂತೆಯ ಮೂಲೆಯವರು ಅಷ್ಟೂ ಜನ ಬಂದಿದ್ದರು. ಸತ್ತವನ ಮೇಲೆ ಹಾಕೋದು ಸುಲಭ ಎಂದಿದ್ದ ಮುದುಕನೇ ಮೊದಲು ಎದ್ದು ಗ್ಲಾಸು ಎತ್ತಿದ.

"ಅವೆಟಿಕ್ ಪ್ರಾಮಾಣಿಕ" ಎಂದ. ಮುಂದೇನೋ ಹೇಳಲು ಹೋಗಿ ನಿಲ್ಲಿಸಿದ. "ಅಷ್ಟೇ. ಪ್ರಾಮಾಣಿಕ. ಅವನು ಬದುಕಿದ್ದಾಗ ಹೇಳಬೇಕಿತ್ತು."

ಸಾವಿನ ಊಟದ ಪದ್ಧತಿಯಂತೆ ಎಲ್ಲರೂ ಗ್ಲಾಸಿಗೆ ಗ್ಲಾಸು ತಾಗಿಸದೆ ಕುಡಿದರು. ಅರ್ಪೆನಿಕ್ ಮೇಜಿನ ತುದಿಯಲ್ಲಿ ಕೂತಿದ್ದಳು. ಅವಳ ಪಕ್ಕದ ಕುರ್ಚಿಯನ್ನು ಯಾರೋ ಎಳೆದ ಸದ್ದಾಯಿತು. ತಿರುಗಿ ನೋಡಿದರೆ ಮಾರ್ಗರಿತ್. ಯಾರೂ ಕರೆದಿರಲಿಲ್ಲ. ಕಪ್ಪು ಬಟ್ಟೆ ತೊಟ್ಟು, ಕಣ್ಣು ಕೆಂಪಾಗಿಸಿಕೊಂಡು ಬಂದು ಕೂತಳು. ರೊಟ್ಟಿಯ ತುಂಡೊಂದನ್ನು ಮುರಿದು, ತಿನ್ನಲಾರದೆ, ಕೈಯಲ್ಲೇ ಹಿಡಿದು ಕೂತಿದ್ದಳು.